ಎಷ್ಟು ದೂರದ ಈಡು ನ್ಯಾಯ? ಜಿಂಕೆ ಬೇಟೆಯ ನೀತಿ ನಡೆದು ಬಂದ ದಾರಿ

ಅಮೆರಿಕದ ಪಶ್ಚಿಮ ರಾಜ್ಯಗಳ ಬೇಟೆಗಾರರು ಒಂದು ತಲೆಮಾರಿನ ಹಿಂದೆ 300 ಗಜವನ್ನೇ ದೂರದ ಈಡು ಎನ್ನುತ್ತಿದ್ದರು. ಇಂದು ಅದೇ ಬೆಟ್ಟಗಳಲ್ಲಿ 600, 800 ಗಜದ ಮಾತು ಕೇಳಿಬರುತ್ತದೆ. ಕಣಿವೆಯ ಈಚೆ ಬದಿಯಲ್ಲಿ ಬೋರಲು ಮಲಗಿ, ಆಚೆ ಇಳಿಜಾರಿನಲ್ಲಿ ಮೇಯುತ್ತಿರುವ ಮ್ಯೂಲ್ ಡೀರ್ ಜಿಂಕೆಗೆ ಗುರಿಯಿಡುವುದು ಸಾಧ್ಯವಾಗಿದೆ. ಸಾಧ್ಯವಾದದ್ದೆಲ್ಲ ಸರಿಯೇ ಎಂಬ ಪ್ರಶ್ನೆ ಬೇಟೆಯ ಸಂಘಗಳನ್ನೂ ವನ್ಯಜೀವಿ ಇಲಾಖೆಗಳನ್ನೂ ಬಿಡದೆ ಕಾಡುತ್ತಿದೆ.

ಈ ವಾದದಲ್ಲಿ ಎರಡು ಬೇರೆ ನೀತಿಗಳು ಒಂದರೊಳಗೊಂದು ಬೆರೆತುಹೋಗಿವೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಲೇಬೇಕು ಎನ್ನುವುದು ಮೊದಲನೆಯದು. ಕೊಲ್ಲುವುದೇ ಆದರೆ ನರಳಿಸದೆ ಕೊಲ್ಲಬೇಕು ಎನ್ನುವುದು ಎರಡನೆಯದು. ಇವು ಹುಟ್ಟಿದ ಕಾಲವೂ ಬೇರೆ, ಕಾರಣವೂ ಬೇರೆ. ಎರಡರ ಇತಿಹಾಸವನ್ನು ಬಿಡಿಸಿ ನೋಡದೆ ದೂರದ ಈಡಿನ ನ್ಯಾಯಾನ್ಯಾಯ ತೀರ್ಮಾನವಾಗದು.

ನ್ಯಾಯಬೇಟೆಯ ಹುಟ್ಟು

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಕಾಡುಗಳು ಬರಿದಾಗಿದ್ದವು. ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಕೊಲ್ಲುವವರಿಗೆ ಲೆಕ್ಕವಿರಲಿಲ್ಲ. ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದ ಬಿಳಿಬಾಲದ ಜಿಂಕೆಗಳು 1900ರ ಸುಮಾರಿಗೆ ಐದು ಲಕ್ಷಕ್ಕೂ ಕೆಳಗಿಳಿದಿದ್ದವು ಎಂಬ ಅಂದಾಜಿದೆ. ಈ ಹಿನ್ನೆಲೆಯಲ್ಲೇ 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್, ಜಾರ್ಜ್ ಬರ್ಡ್ ಗ್ರಿನೆಲ್ ಮೊದಲಾದವರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ‘ಫೇರ್ ಚೇಸ್’, ಅಂದರೆ ನ್ಯಾಯಬೇಟೆ, ಎಂಬ ಕಲ್ಪನೆಗೆ ರೂಪ ಕೊಟ್ಟದ್ದು ಈ ಕ್ಲಬ್. ಸ್ವತಂತ್ರವಾಗಿ ತಿರುಗುವ ಕಾಡುಪ್ರಾಣಿಯನ್ನು ಕಾನೂನಿಗೆ ಬದ್ಧನಾಗಿ, ಅದರ ಮೇಲೆ ಅನುಚಿತ ಮೇಲುಗೈ ಪಡೆಯದೆ ಬೇಟೆಯಾಡುವುದು ಎಂದು ಅದರ ತಾತ್ಪರ್ಯ.

ಆ ಕಾಲದ ಬೇಟೆಗಾರರು ಯಾವುದನ್ನು ಅನುಚಿತ ಎಂದರು? ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳಲ್ಲಿ ನಾಯಿ ಬಿಟ್ಟು ಜಿಂಕೆಯನ್ನು ಸರೋವರಕ್ಕೆ ಅಟ್ಟುತ್ತಿದ್ದರು. ಅದು ನೀರಿಗಿಳಿದು ಈಜತೊಡಗಿದಾಗ ದೋಣಿಯಲ್ಲಿ ಪಕ್ಕಕ್ಕೇ ಹೋಗಿ ಹೊಡೆಯುತ್ತಿದ್ದರು. ರಾತ್ರಿ ದೀಪದ ಬೆಳಕು ಹಾಯಿಸಿ, ಕಣ್ಣು ಕುಕ್ಕಿ ನಿಂತ ಜಿಂಕೆಯನ್ನು ಕೊಲ್ಲುವ ಪದ್ಧತಿಯೂ ಇತ್ತು. ಕ್ಲಬ್ಬಿನವರು ಹೋರಾಡಿದ್ದು ಇವುಗಳ ವಿರುದ್ಧ, ಇವೆಲ್ಲ ತೀರಾ ಹತ್ತಿರದ ಕೊಲೆಗಳು. ನ್ಯಾಯಬೇಟೆಯ ಕಲ್ಪನೆ ಹುಟ್ಟುವಾಗ ಗಜದ ಲೆಕ್ಕ ಅದರೊಳಗೆ ಇರಲೇ ಇಲ್ಲ. ಜಿಂಕೆಗೆ ತನ್ನ ಮೂಗು, ಕಿವಿ, ಕಾಲುಗಳನ್ನು ಬಳಸಿ ಬದುಕಿಕೊಳ್ಳುವ ದಾರಿ ಉಳಿದಿದೆಯೇ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಕದ್ದು ಬೇಟೆಯಾಡಿದ ಪ್ರಾಣಿಗಳ ಅಂತರರಾಜ್ಯ ಸಾಗಾಟವನ್ನು 1900ರ ಲೇಸಿ ಕಾಯ್ದೆ ತಡೆಯಿತು. ಕೋವಿ ಮತ್ತು ತೋಟಾಗಳ ಮೇಲೆ ಶೇಕಡಾ 11ರ ತೆರಿಗೆಯನ್ನು ವನ್ಯಜೀವಿಗಳಿಗಾಗಿ ಮೀಸಲಿಟ್ಟದ್ದು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ. ಬಿಳಿಬಾಲದ ಜಿಂಕೆಗಳು ಈಗ ಮೂರು ಕೋಟಿಯ ಆಸುಪಾಸಿನಲ್ಲಿವೆ. ತಮ್ಮ ಕೈಯನ್ನು ತಾವೇ ಕಟ್ಟಿಕೊಂಡದ್ದರಿಂದ ಪ್ರಾಣಿ ಉಳಿಯಿತು ಎಂಬ ಹೆಮ್ಮೆ ಅಮೆರಿಕದ ಬೇಟೆಗಾರರಲ್ಲಿ ಇಂದಿಗೂ ಇದೆ.

ಸ್ವಯಂ ಮಿತಿಯ ಚಿಂತನೆ

ಮುಂದಿನ ಘಟ್ಟ ಚಿಂತಕರದು. ಸ್ಪೇನಿನ ತತ್ವಜ್ಞಾನಿ ಹೋಸೆ ಒರ್ಟೆಗಾ ಇ ಗಾಸೆಟ್ 1942ರಲ್ಲಿ ಗೆಳೆಯನ ಪುಸ್ತಕಕ್ಕೆ ಮುನ್ನುಡಿಯಾಗಿ ಬೇಟೆಯ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದ. ಮನುಷ್ಯನ ಶಕ್ತಿ ಹೆಚ್ಚಿದಷ್ಟೂ ಅವನು ಬೇಟೆಯಲ್ಲಿ ಆ ಶಕ್ತಿಯನ್ನು ಬೇಕೆಂದೇ ತಗ್ಗಿಸಿಕೊಳ್ಳುತ್ತಾನೆ, ಹಾಗೆ ತಗ್ಗಿಸದಿದ್ದರೆ ಬೇಟೆ ಬರಿಯ ಸಂಹಾರವಾಗುತ್ತದೆ ಎಂಬುದು ಅವನ ವಾದ. 1949ರಲ್ಲಿ, ಆಲ್ಡೊ ಲಿಯೊಪೋಲ್ಡ್ ತೀರಿಕೊಂಡ ಮರುವರ್ಷ, ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಹೊರಬಂತು. ಬೇಟೆಗಾರನನ್ನು ಕಾಡಿನಲ್ಲಿ ನೋಡುವವರಿಲ್ಲ, ಆದ್ದರಿಂದ ಅವನ ನಡತೆಗೆ ಅವನ ಮನಸ್ಸಾಕ್ಷಿಯೇ ಕಾವಲು ಎಂದು ಲಿಯೊಪೋಲ್ಡ್ ಅದರಲ್ಲಿ ಬರೆದಿದ್ದ. ಅಂಗಡಿಯ ಉಪಕರಣಗಳು ಕಾಡಿನ ಕೌಶಲದ ಜಾಗವನ್ನು ಆಕ್ರಮಿಸುತ್ತಿವೆ ಎಂದು ಎಚ್ಚರಿಸಿದ್ದ. ಅವನು ಸ್ವತಃ ಬಿಲ್ಲು ಹಿಡಿದು ಬೇಟೆಗೆ ಹೋಗುತ್ತಿದ್ದವನು. ಅವನಿದ್ದ ವಿಸ್ಕಾನ್ಸಿನ್ ರಾಜ್ಯ 1934ರಲ್ಲೇ ಬಿಲ್ಲಿಗೆಂದು ಪ್ರತ್ಯೇಕ ಜಿಂಕೆ ಋತುವನ್ನು ತೆರೆದಿತ್ತು.

ಮೊಂಟಾನಾ ರಾಜ್ಯದ ವನ್ಯಜೀವಿ ಇಲಾಖೆಯಲ್ಲಿ ದುಡಿದ ಜಿಮ್ ಪೋಸೆವಿಟ್ಜ್ 1994ರಲ್ಲಿ ‘ಬಿಯಾಂಡ್ ಫೇರ್ ಚೇಸ್’ ಎಂಬ ಪುಟ್ಟ ಪುಸ್ತಕ ಬರೆದ. ಬೇಟೆ ಕಲಿಯುವ ಹೊಸಬರ ತರಗತಿಗಳಲ್ಲಿ ಅದು ವ್ಯಾಪಕವಾಗಿ ಬಳಕೆಯಾಯಿತು. ಒಳ್ಳೆಯ ಬೇಟೆಗಾರನೆಂದರೆ ತಾನು ಕೊಲ್ಲುವ ಪ್ರಾಣಿಯನ್ನು ಅರಿತವನು, ಗೌರವಿಸುವವನು ಎಂಬ ನಿಲುವು ಹೀಗೆ ಪಾಠವಾಯಿತು.

ಕೋವಿಯ ಕೈ ನೀಳವಾದದ್ದು

ಇದೇ ನೂರು ವರ್ಷಗಳಲ್ಲಿ ಕೋವಿಯೂ ತನ್ನ ದಾರಿಯಲ್ಲಿ ಬೆಳೆಯಿತು. ಅಮೆರಿಕದ ಜಿಂಕೆ ಬೇಟೆಯ ಹಳೆಯ ಸಂಗಾತಿ 1894ರ ವಿಂಚೆಸ್ಟರ್, ಅದರ ತೋಟಾ .30-30. ಅದರಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತವೆ. ಗುಂಡಿನ ಮೂತಿ ಚೂಪಾಗಿದ್ದರೆ ಅದು ಮುಂದಿನ ತೋಟಾದ ಸಿಡಿಮದ್ದಿನ ಟೋಪಿಗೆ ತಾಗಿ ಕೊಳವೆಯಲ್ಲೇ ಸಿಡಿಯುವ ಅಪಾಯ. ಅದಕ್ಕಾಗಿ ಮೊಂಡು ಮೂತಿಯ ಗುಂಡೇ ಬೇಕು. ಮೊಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. 150, ಹೆಚ್ಚೆಂದರೆ 200 ಗಜ ಅದರ ಎಲ್ಲೆ. ಎಷ್ಟು ದೂರದಿಂದ ಹೊಡೆಯಬೇಕು ಎಂಬ ನೀತಿಯನ್ನು ಬೇಟೆಗಾರ ಯೋಚಿಸುವ ಅಗತ್ಯವೇ ಇರಲಿಲ್ಲ, ಕೋವಿಯೇ ಅದನ್ನು ತೀರ್ಮಾನಿಸಿತ್ತು.

ಆ ಎಲ್ಲೆ ಮೆಲ್ಲಮೆಲ್ಲನೆ ಸರಿಯಿತು. 1906ರಲ್ಲಿ ಸೇನೆಗಾಗಿ ಬಂದ .30-06, 1925ರ .270 ವಿಂಚೆಸ್ಟರ್, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಒಂದೊಂದೂ ಇನ್ನಷ್ಟು ದೂರ ಸೇರಿಸಿದವು. ಆದರೂ ದೂರವನ್ನು ಕಣ್ಣಂದಾಜಿನಲ್ಲೇ ಅಳೆಯಬೇಕಿತ್ತು. 1990ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕ ಮಾರುಕಟ್ಟೆಗೆ ಬಂದು ಅದೂ ಬಗೆಹರಿಯಿತು. ಆಮೇಲೆ ತಿರುವು ಗುಂಡಿಯಲ್ಲಿ ಎತ್ತರ ಹೊಂದಿಸುವ ದೂರದರ್ಶಕಗಳು, ಗುಂಡಿನ ಪಥ ಲೆಕ್ಕ ಹಾಕುವ ಮೊಬೈಲ್ ಆ್ಯಪ್‌ಗಳು, 2007ರಲ್ಲಿ ಹಾರ್ನಡಿ ಕಂಪನಿಯ 6.5 ಕ್ರೀಡ್‌ಮೂರ್ ತೋಟಾ ಬಂದವು. 2013ರಲ್ಲಿ ಟೆಕ್ಸಾಸ್‌ನ ಟ್ರ್ಯಾಕಿಂಗ್ ಪಾಯಿಂಟ್ ಕಂಪನಿ ಕಂಪ್ಯೂಟರ್ ಅಳವಡಿಸಿದ ಕೋವಿಯನ್ನೇ ಮಾರಾಟಕ್ಕಿಟ್ಟಿತು. ಅದರಲ್ಲಿ ಗುರಿಯನ್ನು ಗುರುತು ಮಾಡಿ ಕುದುರೆ ಒತ್ತಿ ಹಿಡಿದರೆ ಸಾಕು, ಗುರಿ ಕೂಡಿಬಂದ ಕ್ಷಣದಲ್ಲಿ ಕೋವಿ ತಾನೇ ಸಿಡಿಯುತ್ತದೆ.

ಅರ್ಧ ಸೆಕೆಂಡಿನ ಲೆಕ್ಕ

ಇಷ್ಟು ನಿಖರತೆ ಬಂದ ಮೇಲೆ ಆಕ್ಷೇಪವೇನು ಎಂಬ ಪ್ರಶ್ನೆಗೆ ಉತ್ತರ ಭೌತಶಾಸ್ತ್ರದಲ್ಲಿದೆ. 6.5 ಕ್ರೀಡ್‌ಮೂರ್‌ನ ಗುಂಡು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಗುರಿ ಹೊಂದಿಸಿದ್ದರೆ 500 ಗಜ ತಲುಪುವಷ್ಟರಲ್ಲಿ ಅದು ಮೂರೂವರೆ ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಈ ಇಳಿತ ದೊಡ್ಡ ಸಮಸ್ಯೆಯಲ್ಲ, ದೂರ ಗೊತ್ತಿದ್ದರೆ ಯಂತ್ರ ಅದನ್ನು ಕರಾರುವಾಕ್ಕಾಗಿ ಸರಿಪಡಿಸುತ್ತದೆ.

ಗಾಳಿ ಹಾಗಲ್ಲ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ ಈ ಗುಂಡನ್ನು 300 ಗಜದಲ್ಲಿ ಸುಮಾರು 5 ಅಂಗುಲ, 500 ಗಜದಲ್ಲಿ ಸುಮಾರು 14 ಅಂಗುಲ, 800 ಗಜದಲ್ಲಿ ಮೂರು ಅಡಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಮರ್ಮಭಾಗ ಎಂಟು ಹತ್ತು ಅಂಗುಲ ಅಗಲ. ಕಣಿವೆಯಲ್ಲಿ ಗಾಳಿ ಒಂದೇ ತೆರನಾಗಿ ಬೀಸುವುದಿಲ್ಲ. ಈ ಬದಿಯಲ್ಲಿ ಎಡಕ್ಕೆ, ನಡುವೆ ಮೇಲಕ್ಕೆ, ಆಚೆ ಬದಿಯಲ್ಲಿ ಬಲಕ್ಕೆ ತಿರುಗಬಹುದು. ಬೇಟೆಗಾರನ ಕೈಯಲ್ಲಿರುವ ಗಾಳಿಮಾಪಕ ಅವನು ಮಲಗಿರುವ ಜಾಗದ ಗಾಳಿಯನ್ನಷ್ಟೇ ಹೇಳುತ್ತದೆ.

ಕಾಲದ ಪ್ರಶ್ನೆ ಇನ್ನೂ ಕಠಿಣ. 500 ಗಜ ಕ್ರಮಿಸಲು ಈ ಗುಂಡಿಗೆ ಸೆಕೆಂಡಿನ ಮೂರನೆಯ ಎರಡು ಭಾಗದಷ್ಟು ಹೊತ್ತು ಬೇಕು. 800 ಗಜಕ್ಕೆ ಒಂದು ಸೆಕೆಂಡಿಗೂ ಹೆಚ್ಚು. ಬಿಲ್ಲುಗಾರನ ಬಾಣ 40 ಗಜ ದಾಟಲು ಅರ್ಧ ಸೆಕೆಂಡಿಗಿಂತ ಕಡಿಮೆ ಸಾಕು. ಅಂದರೆ 500 ಗಜದ ಗುಂಡು 40 ಗಜದ ಬಾಣಕ್ಕಿಂತ ತಡವಾಗಿ ಮುಟ್ಟುತ್ತದೆ. 40 ಗಜದಾಚೆ ಬಾಣ ಬಿಡಬೇಡ ಎಂದು ಬಿಲ್ಲುಗಾರರು ಕಿರಿಯರಿಗೆ ಹೇಳಿಕೊಡುವುದಕ್ಕೆ ಒಂದು ಮುಖ್ಯ ಕಾರಣ, ಅಷ್ಟರಲ್ಲಿ ಜಿಂಕೆ ಕದಲಬಹುದು ಎಂಬುದೇ. ಮೇಯುವ ಜಿಂಕೆ ಮುಂದಿನ ಹುಲ್ಲಿಗೆ ಒಂದು ಹೆಜ್ಜೆ ಇಟ್ಟರೆ ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಎಷ್ಟೇ ಬೆಲೆಯ ಉಪಕರಣವೂ ಆ ಹೆಜ್ಜೆಯನ್ನು ಮುಂಚಿತವಾಗಿ ಹೇಳಲಾರದು.

ಈಡು ಬಿದ್ದ ಮೇಲೆ

ಅನುಭವಿ ಬೇಟೆಗಾರನ ನಿಜವಾದ ಕೆಲಸ ಶುರುವಾಗುವುದು ಈಡು ಬಿದ್ದ ಮೇಲೆ. ಶ್ವಾಸಕೋಶಕ್ಕೆ ಗುಂಡು ತಗುಲಿದ ಜಿಂಕೆಯೂ ಎಷ್ಟೋ ಸಲ ನೂರು ಗಜ ಓಡಿ ಬೀಳುತ್ತದೆ. ನಿಂತಿದ್ದ ಜಾಗಕ್ಕೆ ಹೋಗಿ ಕೂದಲು, ರಕ್ತ ಹುಡುಕಬೇಕು. ನೊರೆಗೂಡಿದ ತಿಳಿಗೆಂಪು ರಕ್ತ ಶ್ವಾಸಕೋಶದ ಗುರುತು, ಕಪ್ಪುಗೆಂಪು ಯಕೃತ್ತಿನದು. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ ಎಂದು ಅರ್ಥ. ಆಗ ಬೆನ್ನಟ್ಟದೆ ಗಂಟೆಗಟ್ಟಲೆ ಕಾಯಬೇಕು, ಬೆನ್ನಟ್ಟಿದರೆ ಅದು ನೋವಿನಲ್ಲೇ ಮೈಲಿಗಟ್ಟಲೆ ಓಡಿ ಕೈತಪ್ಪುತ್ತದೆ. ಏಳುನೂರು ಗಜದಾಚೆಯ ಇಳಿಜಾರಿನಲ್ಲಿ ಜಿಂಕೆ ನಿಂತಿದ್ದ ಪೊದೆ ಯಾವುದೆಂದು ಗುರುತಿಸುವುದೇ ಕಷ್ಟ. ಕಣಿವೆ ಇಳಿದು ಹತ್ತುವಷ್ಟರಲ್ಲಿ ಹೊತ್ತು ಮುಳುಗಬಹುದು. ಹತ್ತಿರದಲ್ಲಿದ್ದಿದ್ದರೆ ತಕ್ಷಣ ಹೊಡೆಯಬಹುದಾಗಿದ್ದ ಎರಡನೆಯ ಈಡಿಗೂ ಅಲ್ಲಿ ಮತ್ತೆ ಅದೇ ಗಾಳಿ, ಅದೇ ಕಾಲದ ತೊಡಕು. ಇನ್ನೊಂದು ಮಾತೂ ಇದೆ. ಬೇಟೆಯ ಗುಂಡು ಮೈಯೊಳಗೆ ಅರಳಿಕೊಂಡರೆ ಮಾತ್ರ ಬೇಗ ಕೊಲ್ಲುತ್ತದೆ, ದೂರದಲ್ಲಿ ವೇಗ ಕುಸಿದಿದ್ದರೆ ಅದು ಅರಳದೆ ಸಣ್ಣ ತೂತು ಕೊರೆದು ಆಚೆ ಹೋಗಬಹುದು.

ಸಮರ್ಥಕರ ಮಾತು

ದೂರದ ಈಡಿನ ಪರ ಇರುವವರನ್ನು ನಿರ್ದಯಿಗಳೆಂದು ತಳ್ಳಿಹಾಕುವುದು ಅನ್ಯಾಯ. ವರ್ಷವಿಡೀ ಸಾವಿರ ಗಜದ ಉಕ್ಕಿನ ಫಲಕಕ್ಕೆ ಅಭ್ಯಾಸ ಮಾಡಿದವನು ಮಲಗಿ, ಕೋವಿಗೆ ಆಧಾರ ಕೊಟ್ಟು, ಗಾಬರಿಗೊಳ್ಳದ ಜಿಂಕೆಗೆ ಹೊಡೆಯುವ ಈಡು, ವರ್ಷಕ್ಕೊಮ್ಮೆ ಕೋವಿ ಹೊರತೆಗೆಯುವವನು 80 ಗಜದಲ್ಲಿ ಓಡುವ ಜಿಂಕೆಗೆ ಅವಸರದಿಂದ ಹೊಡೆಯುವುದಕ್ಕಿಂತ ಮೇಲು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಈಡುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಕೋವಿಗೆ ಆಧಾರ, ಅನುಕೂಲದ ಭಂಗಿ, ಅವಸರವಿಲ್ಲದಿರುವುದು ಇವೇ ಗುರಿ ಮುಟ್ಟಿಸುತ್ತವೆ ಎಂದು ಕಂಡುಕೊಂಡಿತು. ಆದರೆ ದೂರ ಹೆಚ್ಚಿದಷ್ಟೂ ಗುರಿ ತಪ್ಪುವುದು ಹೆಚ್ಚುತ್ತದೆ ಎಂದೂ ಅದೇ ಅಧ್ಯಯನ ಹೇಳಿದೆ. ಅವಸರದ ಈಡು ತಪ್ಪು ಎಂಬುದರಿಂದ ದೂರದ ಈಡು ಸರಿ ಎಂದು ಸಾಬೀತಾಗುವುದಿಲ್ಲ. ಉಕ್ಕಿನ ಫಲಕ ಹೆಜ್ಜೆ ಇಡುವುದಿಲ್ಲ, ತುದಿಗೆ ಗುಂಡು ತಗುಲಿದರೆ ನರಳುವುದೂ ಇಲ್ಲ.

ನಿಯಮಗಳ ಎರಡು ದಾರಿ

ಬೂನ್ ಅಂಡ್ ಕ್ರಾಕೆಟ್ ಕ್ಲಬ್ ದೂರದ ಈಡಿನ ಬಗ್ಗೆ ಪ್ರತ್ಯೇಕ ನಿಲುವನ್ನೇ ಪ್ರಕಟಿಸಿದೆ. ಇಂತಿಷ್ಟೇ ಗಜ ಎಂದು ಅದು ಗೆರೆ ಎಳೆದಿಲ್ಲ. ಎಷ್ಟು ದೂರ ಹೊಡೆಯಬಲ್ಲೆ ಎಂದು ಜೀವಂತ ಪ್ರಾಣಿಯ ಮೇಲೆ ಪರೀಕ್ಷಿಸುವುದೇ ಉದ್ದೇಶವಾದರೆ ಅದು ಬೇಟೆಯೇ ಅಲ್ಲ ಎಂದಿದೆ. ಅಮೆರಿಕದ ರಾಜ್ಯಗಳೂ ದೂರವನ್ನು ಬಿಟ್ಟು ಉಪಕರಣವನ್ನು ಹಿಡಿದಿವೆ. ಐಡಾಹೋದಲ್ಲಿ 16 ಪೌಂಡ್ ಮೀರಿದ ಕೋವಿ ಬೇಟೆಗೆ ಸಲ್ಲದು. ಯೂಟಾ 2024ರಿಂದ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳಿಗೆಂದೇ ಮೀಸಲಾದ ಬೇಟೆಗಳಲ್ಲಿ ಹಿಗ್ಗಿಸಿ ತೋರಿಸುವ ದೂರದರ್ಶಕವನ್ನು ನಿಷೇಧಿಸಿತು.

ಯುರೋಪು ಬೇಟೆಗಾರನನ್ನೇ ಹಿಡಿಯಿತು. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿವರ್ಷ ಪರೀಕ್ಷೆ ಕೊಡಬೇಕು. 100 ಮೀಟರ್ ದೂರದ ಪ್ರಾಣಿಚಿತ್ರದ ಮೇಲೆ ಐದು ಈಡು, ಐದೂ 30 ಸೆಂಟಿಮೀಟರ್ ವೃತ್ತದೊಳಗೆ ಬೀಳಬೇಕು. ಗಾಯಗೊಂಡ ಪ್ರಾಣಿಯನ್ನು ಹುಡುಕುವ ತರಬೇತಾದ ನಾಯಿಯ ವ್ಯವಸ್ಥೆಯೂ ಇರಬೇಕು. ಜರ್ಮನಿಯಲ್ಲಿ ಈ ಹುಡುಕಾಟವೇ ಒಂದು ಗೌರವದ ವಿದ್ಯೆ, ಹ್ಯಾನೋವರ್ ಜಾಡುನಾಯಿಯ ತಳಿಯನ್ನು ಅದಕ್ಕೆಂದೇ ಬೆಳೆಸಿದ್ದಾರೆ. ಇಂಗ್ಲೆಂಡಿನ ಜಿಂಕೆ ಕಾಯ್ದೆ ಗುಂಡಿಗೆ ಕನಿಷ್ಠ ಶಕ್ತಿಯನ್ನು ನಿಗದಿ ಮಾಡಿದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆಯ ಶಿಕಾರಿಗೆ ತೆರೆ ಎಳೆದಿದೆ. ಆದರೂ ಬಂಡೀಪುರ, ನಾಗರಹೊಳೆಗಳಲ್ಲಿ ನಾವು ಕಾಣುವ ಚುಕ್ಕಿ ಜಿಂಕೆಯ ಕುಲ ಈ ಚರ್ಚೆಯ ಹೊರಗಿಲ್ಲ. 1860ರ ದಶಕದಲ್ಲಿ ಹವಾಯಿಗೂ 1930ರ ದಶಕದಲ್ಲಿ ಟೆಕ್ಸಾಸ್‌ಗೂ ಒಯ್ದು ಬಿಟ್ಟ ಚುಕ್ಕಿ ಜಿಂಕೆಗಳು ಅಲ್ಲಿ ಬೆಳೆದು ಹಬ್ಬಿವೆ. ಅಲ್ಲಿನ ಹುಲ್ಲುಗಾಡು ಉಳಿಸಲು ಅವುಗಳನ್ನು ಕೊಲ್ಲಲಾಗುತ್ತದೆ. ಸಂಖ್ಯೆ ತಗ್ಗಿಸುವ ಇಂಥ ಕೆಲಸದಲ್ಲಿ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಕೊಡಬೇಕೆಂಬ ಮೊದಲ ನೀತಿಗೆ ಅಷ್ಟು ತೂಕವಿಲ್ಲ. ನರಳಿಸಬಾರದೆಂಬ ಎರಡನೆಯ ನೀತಿ ಮಾತ್ರ ಅಲ್ಲೂ ಪೂರ್ತಿ ಅನ್ವಯಿಸುತ್ತದೆ.

ಮಿತಿ ಎಲ್ಲಿದೆ?

ಮೊದಲ ನೀತಿಯ ಪ್ರಕಾರ ಬೇಟೆಗಾರ ಜಿಂಕೆಯ ಮೂಗು, ಕಿವಿಗಳಿಗೆ ಎಟುಕುವ ವಲಯದೊಳಗೆ ಬರಬೇಕು. ಎರಡನೆಯದರ ಪ್ರಕಾರ ಈಡು ಖಚಿತವಾಗಿರಬೇಕು. ಹತ್ತಿರ ಹೋದರೆ ಜಿಂಕೆ ಬೆದರಿ ಓಡಬಹುದು, ಆಗ ಎರಡೂ ಒಂದನ್ನೊಂದು ವಿರೋಧಿಸುವಂತೆ ತೋರುತ್ತವೆ. ಸಮರ್ಥಕರು ಈ ಬಿರುಕಿನಲ್ಲೇ ತಮ್ಮ ವಾದ ನಿಲ್ಲಿಸಿದ್ದಾರೆ. ಆದರೆ ಒಂದು ದೂರ ದಾಟಿದ ಮೇಲೆ ವಿರೋಧ ಉಳಿಯುವುದಿಲ್ಲ. ಗುಂಡು ದಾರಿಯಲ್ಲಿರುವಾಗಲೇ ಜಿಂಕೆ ಒಂದು ಹೆಜ್ಜೆ ಇಡಬಹುದಾದಷ್ಟು ದೂರದಲ್ಲಿ ಅವಕಾಶವೂ ಇಲ್ಲ, ಖಚಿತತೆಯೂ ಇಲ್ಲ, ಎರಡು ನೀತಿಗಳೂ ಒಟ್ಟಿಗೇ ಸೋಲುತ್ತವೆ.

ಆದ್ದರಿಂದ ಮಿತಿಯನ್ನು ಕೋವಿಯ ಸಾಮರ್ಥ್ಯದಿಂದ ಅಳೆಯುವುದನ್ನು ಬಿಡಬೇಕು. ಬೇಟೆಗಾರನ ಕೈ ನಡುಗದ ದೂರ, ಗಾಳಿ ಅರ್ಥವಾಗುವ ದೂರ, ಪ್ರಾಣಿ ಕದಲುವ ಮುನ್ನ ಗುಂಡು ಮುಟ್ಟುವ ದೂರ, ಗಾಯಗೊಂಡರೆ ಬೆಳಕಿರುವಾಗಲೇ ಹೋಗಿ ಹುಡುಕಬಲ್ಲ ದೂರ, ಈ ನಾಲ್ಕರಲ್ಲಿ ಯಾವುದು ಅತಿ ಕಡಿಮೆಯೋ ಅದೇ ಅವನ ಮಿತಿ. ಸರ್ಕಾರಗಳು ನಾರ್ವೆಯಂತೆ ವಾರ್ಷಿಕ ಪರೀಕ್ಷೆಯನ್ನೂ ಹುಡುಕು ನಾಯಿಯ ವ್ಯವಸ್ಥೆಯನ್ನೂ ಕಡ್ಡಾಯ ಮಾಡಲಿ. ಕೊಂದ ಜಿಂಕೆಯ ಜೊತೆಗೆ ಗಾಯಗೊಂಡು ಸಿಗದೆ ಹೋದ ಜಿಂಕೆಯನ್ನೂ, ಎಷ್ಟು ದೂರದಿಂದ ಹೊಡೆದದ್ದು ಎಂಬುದನ್ನೂ ಬೇಟೆಗಾರರಿಂದ ಬರೆಸಿಕೊಳ್ಳಲಿ. ಆ ಲೆಕ್ಕ ಕೈಗೆ ಬಂದಾಗ ದೂರದ ಈಡಿನ ಚರ್ಚೆ ಅಭಿಪ್ರಾಯಗಳ ಜಗಳವಾಗಿ ಉಳಿಯದೆ ಪ್ರಾಣಿಯ ನೋವನ್ನು ತಗ್ಗಿಸುವ ಕೆಲಸವಾಗುತ್ತದೆ.