‘ಪೈಪ್ ಹೊಗೆ ಎದೆಗೆ ಇಳಿಯುವುದೇ ಇಲ್ಲ, ಹಾಗಾಗಿ ಅಪಾಯವಿಲ್ಲ’: ನಿಜವೇ?

ಸಿಗರೇಟ್ ಬಿಡಬೇಕು ಅಂದುಕೊಂಡವರಿಗೆ ಯಾರಾದರೊಬ್ಬರು ಈ ಸಲಹೆ ಕೊಟ್ಟೇ ಕೊಡುತ್ತಾರೆ: ‘ಸಿಗರೇಟ್ ಬಿಟ್ಟು ಪೈಪ್ ಹಿಡಿ. ಅದರ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲೇ ರುಚಿ ನೋಡಿ ಬಿಡುವುದು. ಪೈಪ್ ಸೇದುವವರು ಏನೂ ಸೇದದವರಷ್ಟೇ ಬದುಕುತ್ತಾರೆ ಅಂತ ಅಮೆರಿಕದ ಸರ್ಕಾರಿ ವರದಿಯೇ ಹೇಳಿದೆ.’ ಜೊತೆಗೆ ಪೈಪ್ ಹಿಡಿದ ಐನ್‌ಸ್ಟೈನ್ ಫೋಟೊ ಇದ್ದರೆ ಮುಗಿಯಿತು, ಫಾರ್ವರ್ಡ್ ಮಾಡದೆ ಸುಮ್ಮನಿರುವವರು ಕಡಿಮೆ.

ಇದು ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಕಷ್ಟವೇನೆಂದರೆ, ಇಲ್ಲಿನ ಒಂದೊಂದು ಮಾತಿನಲ್ಲೂ ಅರ್ಧ ಸತ್ಯ ಇದೆ.

ಪೈಪ್ ಹವ್ಯಾಸ ಅಂದರೆ ಏನು?

ಮಣ್ಣಿನ ಚಿಲುಮೆ ನೋಡಿದವರಿಗೆ ಪೈಪ್ ತೀರಾ ಹೊಸದಲ್ಲ. ಸೊಪ್ಪು ತುಂಬುವ ಒಂದು ಬಟ್ಟಲು, ಹೊಗೆ ಬರುವ ಒಂದು ನಳಿಗೆ, ಕಚ್ಚಿ ಹಿಡಿಯಲು ಒಂದು ತುದಿ. ಹವ್ಯಾಸಿಗಳ ಆಸಕ್ತಿ ಇರುವುದು ಅದನ್ನು ಯಾವುದರಿಂದ ಮಾಡಿದ್ದಾರೆ ಎನ್ನುವುದರಲ್ಲಿ. ಹೆಚ್ಚಿನ ಪೈಪುಗಳು ಬ್ರಯರ್‌ನವು. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಒಂದು ಪೊದೆಗಿಡದ ಬುಡದಲ್ಲಿ ಗಂಟು ಕಟ್ಟುತ್ತದೆ, ಆ ಗಂಟಿನ ಮರವೇ ಬ್ರಯರ್. ಬಿಸಿಗೆ ಬೇಗ ಸುಡುವುದಿಲ್ಲ, ಒಳಗಿನ ಎಳೆಗಳ ವಿನ್ಯಾಸ ಚೆಂದ. ಫ್ರಾನ್ಸಿನ ಸೇಂಟ್ ಕ್ಲೋಡ್ ಎಂಬ ಊರು 19ನೇ ಶತಮಾನದಲ್ಲಿ ಇದರಿಂದಲೇ ಹೆಸರು ಮಾಡಿತು. ಅಗ್ಗದ್ದು ಬೇಕೆಂದರೆ ಮೆಕ್ಕೆಜೋಳದ ದಿಂಡಿನ ಪೈಪ್ ಇದೆ. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಅದನ್ನು ತಯಾರಿಸುವ ಕಂಪನಿ ಈಗಲೂ ನಡೆಯುತ್ತಿದೆ.

ಇನ್ನೊಂದು ಮೀರ್‌ಶಾಮ್. ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ ಸಿಗುವ ಹಗುರವಾದ ಬಿಳಿ ಖನಿಜವನ್ನು ಕೆತ್ತಿ ಮಾಡುತ್ತಾರೆ. ಸೇದುತ್ತಾ ಹೋದಂತೆ ಬಿಳಿ ಬಟ್ಟಲು ಜೇನಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹವ್ಯಾಸಿಗಳು ಈ ಬಣ್ಣಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕಲ್ಲಿನೊಳಗೆ ಇಳಿದು ಬಣ್ಣ ಬರಿಸುವುದು ಹೊಗೆಯಲ್ಲಿರುವ ಟಾರ್. ಅದೇ ಹೊಗೆ ನಾಲಿಗೆಯ ಮೇಲೂ ಹಾದುಹೋಗಿರುತ್ತದೆ ಅನ್ನುವುದನ್ನು ಇಲ್ಲಿ ಒಂದು ಕ್ಷಣ ನೆನಪಿಟ್ಟುಕೊಳ್ಳಿ.

ಅಂದಹಾಗೆ, ಷರ್ಲಾಕ್ ಹೋಮ್ಸ್ ಎಂದರೆ ಕಣ್ಣಿಗೆ ಬರುವ ಆ ದೊಡ್ಡ ಬಾಗಿದ ಸೋರೆಬುರುಡೆಯ ಪೈಪ್ ಕಾನನ್ ಡಾಯ್ಲ್ ಕಥೆಗಳಲ್ಲಿ ಇಲ್ಲವೇ ಇಲ್ಲ. ಕಥೆಗಳಲ್ಲಿ ಇರುವುದು ಮಣ್ಣಿನದು, ಬ್ರಯರ್‌ನದು, ಚೆರಿ ಮರದ್ದು. ಸೋರೆಬುರುಡೆ ನಾಟಕ, ಸಿನಿಮಾಗಳ ಕೊಡುಗೆ.

ಸೊಪ್ಪಿನ ಲೋಕ ಇನ್ನೂ ದೊಡ್ಡದು. ಬಿಸಿಗಾಳಿಯಲ್ಲಿ ಹದ ಮಾಡಿದ ವರ್ಜೀನಿಯಾ ಸೊಪ್ಪಿನಲ್ಲಿ ಸಕ್ಕರೆ ಅಂಶ ಜಾಸ್ತಿ, ರುಚಿ ಸಿಹಿ. ನಮ್ಮ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯ ಬ್ಯಾರನ್‌ಗಳಲ್ಲಿ ಬೇಯುವ ಹೊಗೆಸೊಪ್ಪು ಇದೇ ಜಾತಿಯದು, ಆದರೆ ಅದು ಮುಖ್ಯವಾಗಿ ಸಿಗರೇಟಿಗೆ ಹೋಗುತ್ತದೆ. ನೆರಳಿನ ಗಾಳಿಯಲ್ಲಿ ಒಣಗಿಸಿದ ಬರ್ಲಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಲಟಾಕಿಯಾಗೆ ಸಿರಿಯಾದ ಬಂದರೊಂದರ ಹೆಸರು, ಈಗ ಬರುವುದು ಹೆಚ್ಚಾಗಿ ಸೈಪ್ರಸ್‌ನಿಂದ. ಕಟ್ಟಿಗೆ ಹೊಗೆಯಲ್ಲಿ ನೇತುಹಾಕಿ ಹದ ಮಾಡುವುದರಿಂದ ಅದಕ್ಕೆ ಸೌದೆ ಒಲೆಯ ಮೇಲಿನ ಅಟ್ಟದ ವಾಸನೆ. ಅಮೆರಿಕದ ಲೂಸಿಯಾನಾದ ಪೆರಿಕ್ ಅನ್ನು ಪೀಪಾಯಿಗೆ ತುಂಬಿ, ಉಪ್ಪಿನಕಾಯಿ ಜಾಡಿಗೆ ಕಲ್ಲು ಹೇರಿದಂತೆ ತಿಂಗಳುಗಟ್ಟಲೆ ಒತ್ತಿಟ್ಟು ಹುಳಿ ಬರಿಸುತ್ತಾರೆ. ಇವನ್ನೆಲ್ಲ ಬೇರೆ ಬೇರೆ ಅಳತೆಯಲ್ಲಿ ಬೆರೆಸಿದ್ದೇ ‘ಬ್ಲೆಂಡ್’. ಲಟಾಕಿಯಾ ಸೇರಿದರೆ ‘ಇಂಗ್ಲಿಷ್’, ವೆನಿಲಾ, ಚೆರಿ, ರಮ್ ಸುವಾಸನೆ ಹಾಕಿದರೆ ‘ಅರೊಮ್ಯಾಟಿಕ್’.

ಸೇದುವುದಕ್ಕೂ ಕ್ರಮ ಇದೆ. ತಳದಲ್ಲಿ ಸಡಿಲ, ಮೇಲೆ ಬಿಗಿ ಆಗುವಂತೆ ಮೂರು ಸಲ ತುಂಬಬೇಕು, ಒಮ್ಮೆ ಹೊತ್ತಿಸಿ ಒತ್ತಿ ಮತ್ತೆ ಹೊತ್ತಿಸಬೇಕು, ಮುಗಿದ ಮೇಲೆ ಪೈಪಿಗೆ ವಿಶ್ರಾಂತಿ ಕೊಡಬೇಕು. ಅವಸರ ಮಾಡಿದರೆ ನಾಲಿಗೆ ಉರಿಯುತ್ತದೆ. ನಿಧಾನವಾಗಿ ಸೇದುವ ಸ್ಪರ್ಧೆಗಳೂ ನಡೆಯುತ್ತವೆ: 3 ಗ್ರಾಂ ಸೊಪ್ಪು, 2 ಬೆಂಕಿಕಡ್ಡಿ, ಆರದಂತೆ ಯಾರು ಹೆಚ್ಚು ಹೊತ್ತು ಸೇದುತ್ತಾರೋ ಅವರು ಗೆದ್ದರು. 3 ಗಂಟೆ ದಾಟಿಸಿದವರಿದ್ದಾರೆ! ಇದರಲ್ಲಿ ತಾಳ್ಮೆ, ಕೈಚಳಕ, ರುಚಿ ಎಲ್ಲವೂ ಇವೆ. ಜನ ಯಾಕೆ ಇದಕ್ಕೆ ಮನಸೋಲುತ್ತಾರೆ ಎಂದು ಅರ್ಥವಾಗುತ್ತದೆ. ಈ ನಾಜೂಕಿನ ಕಾರಣಕ್ಕೇ ಇದು ಸಿಗರೇಟಿನಂಥದ್ದಲ್ಲ ಎಂಬ ಭಾವನೆಯೂ ಹುಟ್ಟುತ್ತದೆ ಎನ್ನುವುದು ನನ್ನ ಅನಿಸಿಕೆ.

ಹೊಗೆ ಒಳಗೆ ಹೋಗದಿದ್ದರೆ ನಿಕೋಟಿನ್ ಹೇಗೆ ಹೋಗುತ್ತದೆ?

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಸಿಗರೇಟ್ ಹೊಗೆ ಸಾಮಾನ್ಯವಾಗಿ ಆಮ್ಲೀಯ. ಅದರಲ್ಲಿರುವ ನಿಕೋಟಿನ್ ಬಾಯಿಯ ತೆಳುಪದರವನ್ನು ಸುಲಭವಾಗಿ ದಾಟುವುದಿಲ್ಲ, ಹಾಗಾಗಿ ಎದೆಗೆ ಎಳೆದುಕೊಂಡರೇ ‘ಕಿಕ್’. ಗಾಳಿಯಲ್ಲಿ ಒಣಗಿಸಿದ ಸೊಪ್ಪಿನ ಹೊಗೆ ಹೆಚ್ಚು ಕ್ಷಾರೀಯ. ಪೈಪ್ ಮತ್ತು ಸಿಗಾರಿನಲ್ಲಿ ಇಂಥ ಸೊಪ್ಪು ಜಾಸ್ತಿ. ಅದರ ನಿಕೋಟಿನ್ ಬಾಯಿಯ ಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಪೈಪಿನವರು ಹೊಗೆ ಎಳೆದುಕೊಳ್ಳದೆ ಇರುವುದಕ್ಕೆ ಇದೂ ಒಂದು ಕಾರಣ: ಅವರಿಗೆ ಎಳೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಚಟ ಹತ್ತಿಸಲು ಬೇಕಾದ್ದು ಬಾಯಿಂದಲೇ ಸಿಕ್ಕಿಬಿಡುತ್ತದೆ.

ಇನ್ನು, ಬೇಕೆಂದು ಎಳೆದುಕೊಳ್ಳದಿದ್ದರೂ ಮುಖದ ಮುಂದೆ ಮುಕ್ಕಾಲು ಗಂಟೆ ಹೊಗೆ ಸುತ್ತುತ್ತಿರುತ್ತದೆ. ಅದೇ ಗಾಳಿಯನ್ನೇ ಅವರೂ ಉಸಿರಾಡುವುದು, ಪಕ್ಕದಲ್ಲಿ ಕೂತ ಮನೆಯವರೂ ಉಸಿರಾಡುವುದು. ಒಂದು ಸಿಗರೇಟಿನಲ್ಲಿ ಇರುವ ತಂಬಾಕು 1 ಗ್ರಾಂಗಿಂತ ಕಡಿಮೆ. ಪೈಪಿನ ಒಂದು ಬಟ್ಟಲಿಗೆ 2–3 ಗ್ರಾಂ ಹಿಡಿಯುತ್ತದೆ.

ಅಮೆರಿಕದ ವರದಿ ಹೇಳಿದ್ದೇನು?

ವರದಿ ನಿಜ. 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಕಚೇರಿ ಧೂಮಪಾನದ ಬಗ್ಗೆ ಪ್ರಸಿದ್ಧ ವರದಿ ಹೊರತಂದಿತು. ಪೈಪ್ ಸೇದುತ್ತಿರುವವರ ಸಾವಿನ ಪ್ರಮಾಣ ಸೇದದವರಿಗಿಂತ ಹೆಚ್ಚೇನೂ ಇಲ್ಲ ಎಂಬರ್ಥದ ಮಾತು ಅದರಲ್ಲಿದೆ. ಪೈಪ್ ಪ್ರಿಯರು 60 ವರ್ಷಗಳಿಂದ ಹಿಡಿದುಕೊಂಡಿರುವುದು ಆ ಒಂದು ಮಾತನ್ನೇ.

ಅವರು ಬಿಟ್ಟ ಭಾಗ ಹೀಗಿದೆ. ಪೈಪಿಗೂ ತುಟಿ ಕ್ಯಾನ್ಸರಿಗೂ ಕಾರಣ-ಪರಿಣಾಮದ ಸಂಬಂಧ ಇದೆ ಎಂದು ಅದೇ ವರದಿ ಹೇಳಿತ್ತು. ಇನ್ನೊಂದು ವಿಚಿತ್ರವೂ ಅಲ್ಲಿತ್ತು: ಪೈಪ್ ಬಿಟ್ಟವರ ಸಾವಿನ ಪ್ರಮಾಣ ಸೇದುತ್ತಿದ್ದವರಿಗಿಂತ ಹೆಚ್ಚು. ಬಿಟ್ಟರೆ ಸಾಯುತ್ತಾರೆ ಎಂದು ಇದರ ಅರ್ಥವೇ? ಅಲ್ಲ. ಅವರಲ್ಲಿ ಅನೇಕರು ಕಾಯಿಲೆ ಬಂದದ್ದಕ್ಕೇ ಬಿಟ್ಟಿರಬೇಕು ಎಂದು ವರದಿಯೇ ವಿವರಿಸಿತ್ತು. ರೋಗಿಗಳು ‘ಬಿಟ್ಟವರು’ ಪಟ್ಟಿಗೆ ಜಾರಿಕೊಂಡರೆ ‘ಸೇದುವವರು’ ಪಟ್ಟಿಯಲ್ಲಿ ಉಳಿಯುವುದು ಗಟ್ಟಿಮುಟ್ಟಾದವರು. ಆಗ ಆ ಪಟ್ಟಿ ಆರೋಗ್ಯವಾಗಿ ಕಾಣುವುದು ಸಹಜ.

ನಂತರದ ಅಧ್ಯಯನಗಳಲ್ಲಿ ಚಿತ್ರ ಬದಲಾಯಿತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1982ರಿಂದ 18 ವರ್ಷ ಜನರನ್ನು ಗಮನಿಸಿ, 2004ರಲ್ಲಿ ಪೈಪ್ ಕುರಿತು ಫಲಿತಾಂಶ ಪ್ರಕಟಿಸಿತು. ಸುಮಾರು 1.38 ಲಕ್ಷ ಗಂಡಸರು. ಅವರಲ್ಲಿ 15 ಸಾವಿರಕ್ಕೂ ಹೆಚ್ಚು ಮಂದಿ ಪೈಪ್ ಮಾತ್ರ ಸೇದುವವರು ಅಥವಾ ಸೇದಿ ಬಿಟ್ಟವರು. ತಂಬಾಕನ್ನೇ ಮುಟ್ಟದವರಿಗೆ ಹೋಲಿಸಿದರೆ, ಪೈಪ್ ಸೇದುತ್ತಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ 5 ಪಟ್ಟು, ಬಾಯಿ-ಗಂಟಲಿನದ್ದು ಸುಮಾರು 4 ಪಟ್ಟು, ಧ್ವನಿಪೆಟ್ಟಿಗೆಯದ್ದು 13 ಪಟ್ಟು. ಕೊನೆಯ ಕ್ಯಾನ್ಸರ್ ಅಪರೂಪದ್ದಾದ್ದರಿಂದ 13ನ್ನು ಅಂದಾಜು ಎಂದೇ ಓದಬೇಕು. ಒಟ್ಟಾರೆ ಅಪಾಯ ಸಿಗರೇಟಿಗಿಂತ ಕಡಿಮೆ ಎನ್ನುವುದೂ ಅದೇ ಅಧ್ಯಯನದಲ್ಲಿದೆ. ಇದನ್ನು ಮುಚ್ಚಿಟ್ಟು ಹೆದರಿಸುವ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ.

ಸಿಗರೇಟ್ ಬಿಡಲು ಪೈಪ್ ಹಿಡಿದರೆ?

ನಿಜವಾಗಿ ಎಚ್ಚರ ಬೇಕಾದ್ದು ಇಲ್ಲಿ. ಮೊದಲಿನಿಂದಲೂ ಪೈಪ್ ಮಾತ್ರ ಸೇದಿದವರ ಅಭ್ಯಾಸವೇ ಬೇರೆ, ಸಿಗರೇಟಿನಿಂದ ಬಂದವರ ಅಭ್ಯಾಸವೇ ಬೇರೆ. ಎದೆಗೆ ಎಳೆದು ರೂಢಿಯಾದವರು ಪೈಪಿನಲ್ಲೂ ಎಳೆಯುತ್ತಾರೆ. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಇದನ್ನೇ ತೋರಿಸಿತು: ಸಿಗರೇಟಿನಿಂದ ಪೈಪ್ ಅಥವಾ ಸಿಗಾರಿಗೆ ಬದಲಾದವರ ಅಪಾಯ ಸಿಗರೇಟಿನವರಿಗಿಂತ ಕಡಿಮೆಯಾದರೂ, ಯಾವತ್ತೂ ಸಿಗರೇಟ್ ಮುಟ್ಟದ ಪೈಪಿನವರಿಗಿಂತ ಹೆಚ್ಚು. ಪೂರ್ತಿ ಬಿಡುವುದರ ಲಾಭ ಇದರಲ್ಲಿ ಸಿಗುವುದಿಲ್ಲ.

‘ರಾಸಾಯನಿಕ ಸೇರಿಸಿಲ್ಲ, ಶುದ್ಧ ಎಲೆ’ ಎನ್ನುವ ಮಾತಿಗೆ ಒಂದೇ ಸಾಲಿನ ಉತ್ತರ ಸಾಕು: ಯಾವುದೇ ಎಲೆ ಸುಟ್ಟರೂ ಟಾರ್, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ವೆನಿಲಾ ಪರಿಮಳ ಅದನ್ನು ಮರೆಸುತ್ತದೆ ಅಷ್ಟೆ.

ಐನ್‌ಸ್ಟೈನ್? ಅವರು ಪೈಪ್ ಪ್ರಿಯರಾಗಿದ್ದದ್ದು ನಿಜ. 1955ರ ಏಪ್ರಿಲ್‌ನಲ್ಲಿ, 76ನೇ ವಯಸ್ಸಿನಲ್ಲಿ, ಹೊಟ್ಟೆಯ ಭಾಗದ ಮಹಾಪಧಮನಿ ಊದಿಕೊಂಡು ಒಡೆದು ತೀರಿಕೊಂಡರು. ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಧೂಮಪಾನ ಮುಂಚೂಣಿಯಲ್ಲಿದೆ. ಅವರನ್ನು ಕೊಂದದ್ದು ಪೈಪೇ ಎಂದು ಒಬ್ಬರ ವಿಷಯದಲ್ಲಿ ಹೇಳಲಾಗದು. ಅವರ ಫೋಟೊ ಇಟ್ಟುಕೊಂಡು ಪೈಪ್ ಸುರಕ್ಷಿತ ಎನ್ನಲೂ ಆಗದು.

ಮನೆಯಲ್ಲಿ ಪೈಪ್ ಸೇದುವವರು ಇದ್ದರೆ

ಫೋನಿನ ಟಾರ್ಚ್ ಹಾಕಿ ಅವರ ಬಾಯಿಯ ಮೇಲ್ಛಾವಣಿ, ಅಂದರೆ ಅಂಗುಳ ನೋಡಿ. ಬೂದು-ಬಿಳಿ ಬಣ್ಣಕ್ಕೆ ತಿರುಗಿ ನಡುವೆ ಕೆಂಪು ಚುಕ್ಕಿಗಳಿದ್ದರೆ ಅದು ಪೈಪಿನ ಬಿಸಿ ಹೊಗೆಯಿಂದ ಬರುವ, ದಂತವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಬದಲಾವಣೆ. ಸೇದುವುದು ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ತುಟಿ, ನಾಲಿಗೆಯ ಅಂಚು ಅಥವಾ ನಾಲಿಗೆಯ ಅಡಿಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ, 2–3 ವಾರವಾದರೂ ಮಾಯದ ಹುಣ್ಣು ಕಂಡರೆ ಮಾತ್ರ ಕಾಯಬೇಡಿ, ದಂತವೈದ್ಯರಿಗೆ ತೋರಿಸಿ. ನೋವಿಲ್ಲ ಎಂಬ ಕಾರಣಕ್ಕೆ ಮುಂದೂಡಬೇಡಿ, ಆರಂಭದಲ್ಲಿ ನೋವು ಇರದೆಯೂ ಇರಬಹುದು. ಬಿಡಲು ಸಹಾಯ ಬೇಕಿದ್ದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.