ಸಮಾಸದ ಬೆಸುಗೆ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿ, ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗವಾದವು. ಗಡಿ ಬದಲಾಯಿತು, ಕನ್ನಡ ತೆಲುಗುಗಳೆರಡನ್ನೂ ಒಟ್ಟಿಗೆ ಕೇಳಿ ಬೆಳೆಯುವ ಇಲ್ಲಿಯ ಮಗುವಿನ ಕಿವಿ ಬದಲಾಗಲಿಲ್ಲ. ಆ ಕಿವಿಗೆ ಸಮಾಸಪದವೇ ಸೂಕ್ಷ್ಮವಾದ ಪರೀಕ್ಷೆ.

ಎರಡು ಪದಗಳು ಕೂಡಿ ಒಂದಾದುವೆಂದು ಕೇಳುವವನು ಅರಿಯುವುದು ಹೇಗೆ? ನಾರ್ವೆ ದೇಶದ ನುಡಿಯಲ್ಲಿ ಸಾಮಾನ್ಯವಾಗಿ ಮೊದಲ ಪದದ ಮೇಲೆ ಬೀಳುವ ಉಚ್ಚಾರಣೆಯ ಒತ್ತು ಅದನ್ನು ಸಾರುತ್ತದೆ. ಕನ್ನಡದಲ್ಲಿ ಅರ್ಥವನ್ನು ಬೇರ್ಪಡಿಸುವಂಥ ಒತ್ತು ಇಲ್ಲ. ಅನೇಕ ಕಡೆ ನಮ್ಮ ಬೆಸುಗೆಯ ಗುರುತು ವ್ಯಂಜನದಲ್ಲಿದೆ: ಮಳೆ, ಕಾಲ ಕೂಡಿ ಮಳೆಗಾಲ, ಬೆಟ್ಟ, ತಾವರೆ ಕೂಡಿ ಬೆಟ್ಟದಾವರೆ, ಕಣ್, ಪನಿ ಕೂಡಿ ಕಂಬನಿ.

ಈ ಬೆಸುಗೆಯ ವಿಚಾರ ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಸಂಸ್ಕೃತ ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಸಮಾಸಮಾಡುವುದನ್ನು ಆಕ್ಷೇಪಿಸಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೂ ಸಮಾಸಕ್ಕೂ ಸೂತ್ರಗಳನ್ನು ರಚಿಸಿದನು. ತೆಲುಗಿನಲ್ಲಿ ಚಿನ್ನಯಸೂರಿಯ ಬಾಲವ್ಯಾಕರಣವು 1858ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ತೆಲುಗಿನಲ್ಲಿ ತಲ್ಲಿ, ತಂಡ್ರಿ ಕೂಡಿದರೆ ‘ತಲ್ಲಿದಂಡ್ರುಲು’. ದ್ವಂದ್ವದಲ್ಲಿ ತಕಾರ ದಕಾರವಾಗುತ್ತದೆ. ಕನ್ನಡದ ‘ತಾಯಿತಂದೆ’ಯಲ್ಲಿ ತಕಾರ ಹಾಗೆಯೇ ನಿಲ್ಲುತ್ತದೆ, ಕೈಕಾಲು, ಕೆರೆಕಟ್ಟೆಗಳೂ ಅಂತೆಯೇ. ಆದರೆ ನಮ್ಮ ‘ಮಳೆಗಾಲ’ದಲ್ಲಿ ಗಕಾರ ಬಂದರೆ, ತೆಲುಗಿನ ‘ವಾನಾಕಾಲಂ’ನಲ್ಲಿ ಕಕಾರ ಉಳಿಯುತ್ತದೆ. ಒಂದೇ ಬೀದಿಯಲ್ಲಿ ಎರಡನ್ನೂ ಕೇಳುವ ಬಾಲಕನು ‘ಮಳೆಕಾಲ’ ಎಂದರೆ ಅದು ಅಜ್ಞಾನವಲ್ಲ. ನೆರೆನುಡಿಯ ನಿಯಮ ಈ ನುಡಿಗೆ ದಾಟಿರಬಹುದು.

ಅಕ್ಷರವಿಭಾಗದ ಮಾತು ಬೇರೆ. ಛಂದಸ್ಸು ಪದದ ಅಂಚನ್ನು ಲೆಕ್ಕಿಸದೆ ಲಘು ಗುರುಗಳನ್ನು ಮಾತ್ರ ಎಣಿಸುತ್ತದೆ. ಬೇರು, ಊರು ಕೂಡಿದರೆ ‘ಬೇರೂರು’. ಬೇರೆ, ಊರು ಕೂಡಿದರೂ ‘ಬೇರೂರು’. ಎರಡೂ ಬೇ-ರೂ-ರು, ಐದು ಮಾತ್ರೆ. ಮೊದಲ ಪದದ ರಕಾರ ಎರಡನೆಯದರ ಸ್ವರವನ್ನು ಸೇರಿಬಿಟ್ಟಿದೆ. ಬೇರುಬಿಡುವುದೋ, ಪರ ಊರೋ ಎಂಬುದನ್ನು ಸಂದರ್ಭವೇ ಹೇಳಬೇಕು.

ಆದುದರಿಂದ ಉಪಾಧ್ಯಾಯರು ವಾಚನಪಾಠದಲ್ಲಿ ಮೊದಲು ಪದವನ್ನು ಬಿಡಿಸಿ ಅರ್ಥ ತಿಳಿಸಲಿ. ಅನಂತರ ಕೂಡಿಸಿ, ಅಕ್ಷರವಿಭಾಗದಂತೆ ಓದಿಸಲಿ. ಜೊತೆಗೆ ತೆಲುಗಿನ ರೂಪವನ್ನೂ ಹೇಳಿಸಲಿ. ತಪ್ಪೆಂದು ಗದರಿಸಿದರೆ ಬಾಲಕನು ಓದಲು ಅಂಜುವನು. ಎರಡು ನಿಯಮಗಳನ್ನು ಅಕ್ಕಪಕ್ಕ ತೋರಿಸಿದರೆ ಎರಡು ನುಡಿಗಳಿಗೂ ಒಡೆಯನಾಗುವನು. ಗಡಿನಾಡಿನ ಮಗುವಿಗೆ ದೊರೆತ ಈ ಎರಡು ಕಿವಿಗಳ ಭಾಗ್ಯವನ್ನು ನಾವು ದೋಷವೆಂದು ಎಣಿಸದಿರೋಣ.