ದೀಪ ಹಚ್ಚುವ ಹೊತ್ತು

ಗಡಿಯಾರ ಮನೆಮನೆಗೆ ಬರುವ ಮುನ್ನ ನಮ್ಮಲ್ಲಿ ಎಷ್ಟೋ ಹೊತ್ತುಗಳಿಗೆ ಆಯಾ ಹೊತ್ತಿನ ಕೆಲಸದಿಂದಲೇ ಹೆಸರು ಬರುತ್ತಿತ್ತು. ಮೇಯಲು ಹೋದ ದನ ಧೂಳೆಬ್ಬಿಸಿಕೊಂಡು ಮರಳಿದರೆ ಗೋಧೂಳಿ. ಆಮೇಲೆ ದೀಪ ಹಚ್ಚುವ ಹೊತ್ತು. ಅದು ಮಾಗಿಯಲ್ಲಿ ಬೇಗ ಬರುತ್ತದೆ, ಬೇಸಗೆಯಲ್ಲಿ ತಡವಾಗಿ.

ಈ ಹೊತ್ತನ್ನು ಬದಲಿಸಿದ್ದು ವಿದ್ಯುತ್. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಕೆಲಸ ಆರಂಭಿಸಿತು. ಕಾವೇರಿ ನೀರಿನ ಆ ವಿದ್ಯುತ್ ಮೊದಲು ಹೋದದ್ದು ಅಕ್ಕಪಕ್ಕದ ಹಳ್ಳಿಗಳಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ಹಳ್ಳಿಗಳು ಇನ್ನೂ ದಶಕಗಟ್ಟಲೆ ಕಾಯಬೇಕಾಯಿತು. ಬಡವರ ಮನೆಗೊಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆ.

ಮಳವಳ್ಳಿ ಸೀಮೆಯ ನಮ್ಮ ಊರು ಶಿವನಸಮುದ್ರಕ್ಕೆ ದೂರವಲ್ಲ. ನಾನು ಚಿಕ್ಕವನಾಗಿದ್ದಾಗ ಮನೆಯಲ್ಲಿ ಬಲ್ಬಿತ್ತು. ಸಂಜೆಯಾಗುತ್ತಲೇ ಕರೆಂಟು ಹೋಗುತ್ತಿತ್ತು. ಲಾಟೀನಿನ ಗಾಜಿನೊಳಗೆ ತೂರುವ ಸಣ್ಣ ಕೈ ನನ್ನದೊಂದೇ. ಹಾಗಾಗಿ ಬೂದಿ ಹಾಕಿ ಮಸಿ ಒರೆಸುವ ಕೆಲಸ ನನ್ನದಾಗಿತ್ತು. ಅದು ಮುಗಿದರೆ ಹೊಸಲಿನ ಮೇಲೆ ಕೂರುತ್ತಿದ್ದೆ. “ಏಳು ಮಗ, ದೀಪ ಹಚ್ಚೋ ಹೊತ್ನಲ್ಲಿ ಅಲ್ಲಿ ಕೂರ್ಬಾರ್ದು” ಎಂದು ಅಜ್ಜಿ ಗದರಿದರೂ ಏಳುತ್ತಿರಲಿಲ್ಲ. ಕಬ್ಬಿನ ಗದ್ದೆಗೆ ಕೂಲಿಗೆ ಹೋದ ಅವ್ವ ಬರುವ ದಾರಿ ಅಲ್ಲಿಂದ ಕಾಣುತ್ತಿತ್ತು. ಮಬ್ಬಿನಲ್ಲಿ ಗುಂಪಾಗಿ ಬರುವ ಹೆಂಗಸರ ಮುಖ ತಿಳಿಯುತ್ತಿರಲಿಲ್ಲ. ಅವ್ವನ ಕೆಮ್ಮು ಕೇಳಿಸುವವರೆಗೂ ಹೊಟ್ಟೆಯೊಳಗೆ ದಿಗಿಲು.

ಈಗ ಸಂಶೋಧನೆಗೆಂದು ಮೈಸೂರು ಸಂಸ್ಥಾನದ ಆಡಳಿತ ವರದಿಗಳನ್ನು ಓದುತ್ತೇನೆ. ವಿದ್ಯುತ್ ಇಲಾಖೆಯ ಖರ್ಚು, ಆದಾಯ ಅಲ್ಲಿ ಸಿಗುತ್ತವೆ. ಹೊಸಲಿನಲ್ಲಿ ಕಾದು ಕೂತವರ ಲೆಕ್ಕ ಅಂಥ ವರದಿಗೆ ಬೇಕಿರಲಿಲ್ಲ. ಸಂಜೆಯ ದಿಗಿಲು ನನ್ನೊಬ್ಬನದು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಗದ್ದೆಯ ಕೂಲಿ ಎಷ್ಟು ಹೊತ್ತಿಗೆ ಮುಗಿಯುತ್ತಿತ್ತು, ರೇಷನ್ ಸೀಮೆಎಣ್ಣೆ ಎಷ್ಟು ದಿನ ಬರುತ್ತಿತ್ತು, ತಂತಿ ಮೊದಲು ಯಾವ ಕಡೆಗೆ ಹೋಯಿತು ಎಂಬುದೆಲ್ಲ ಆ ದಿಗಿಲಿನೊಳಗೇ ಇದೆ. ಬೆಳಕಿನ ಚರಿತ್ರೆಯನ್ನು ಮೊದಲ ದೀಪ ಹತ್ತಿದ ಊರಿನಿಂದ ಬರೆಯುವುದು ರೂಢಿ. ಕೊನೆಗೆ ಹತ್ತಿದ ಮನೆಯಿಂದಲೂ ಅದನ್ನು ಬರೆಯಬಹುದು; ಅದಕ್ಕೆ ನೆನಪೇ ಆಕರ.

ನಿಮ್ಮ ಮನೆಯಲ್ಲಿ ಮೊದಲ ಬಲ್ಬು ಹತ್ತಿದ್ದು ಯಾವಾಗ ಎಂದು ಹಿರಿಯರನ್ನು ಕೇಳಿ ನೋಡಿ. ಇಸವಿ ಹೇಳಲಾರರೇನೋ. ಆ ಸಂಜೆ ಮನೆಯಲ್ಲಿ ಯಾರ್‍ಯಾರಿದ್ದರು, ಯಾರಿನ್ನೂ ಬಂದಿರಲಿಲ್ಲ ಎಂಬುದನ್ನು ಹೇಳಿಯಾರು.